ಎರಡೂವರೆ ಲಕ್ಷಕ್ಕೆ ಒಂದು: ಗಿಡಗಳು, ಜಲಜೀವಿಗಳು ಮಾಲಿಬ್ಡಿನಮ್ ಹೀರಿಕೊಳ್ಳುವ ಬಗೆ
(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಸ್ಯಪೋಷಣೆಯ ಪಾಠ ಸಾಮಾನ್ಯವಾಗಿ ಸಾರಜನಕ, ರಂಜಕ, ಪೊಟ್ಯಾಶ್‌ನಿಂದ ಶುರುವಾಗುತ್ತದೆ. ಗಂಟೆ ಮುಗಿಯುವ ಹೊತ್ತಿಗೆ ಸೂಕ್ಷ್ಮ ಪೋಷಕಾಂಶಗಳ ಪಟ್ಟಿ ಬರುತ್ತದೆ, ಆ ಪಟ್ಟಿಯ ತುದಿಯಲ್ಲಿ ಮಾಲಿಬ್ಡಿನಮ್ ಇರುತ್ತದೆ. ಹೆಸರು ಹೇಳಿ ಪುಸ್ತಕ ಮುಚ್ಚುತ್ತೇವೆ. ಇವತ್ತು ಆ ಕೊನೆಯ ಹೆಸರಿನಿಂದಲೇ ಶುರು ಮಾಡೋಣ, ಅದರಲ್ಲೇ ಮುಗಿಸೋಣ.

ಪಟ್ಟಿಯ ತುದಿಗೆ ಅದನ್ನು ತಳ್ಳಿರುವುದಕ್ಕೆ ಕಾರಣ ಪ್ರಮಾಣ. ಸಾಮಾನ್ಯ ಗಿಡವೊಂದರಲ್ಲಿ ಸುಮಾರು ಹತ್ತು ಲಕ್ಷ ಸಾರಜನಕ ಪರಮಾಣುಗಳಿಗೆ ಒಂದೇ ಒಂದು ಮಾಲಿಬ್ಡಿನಮ್ ಪರಮಾಣು ಇದ್ದರೆ ಸಾಕು. ಒಣಗಿಸಿದ ಎಲೆಯ ಒಂದು ಕಿಲೋದಲ್ಲಿ 0.1 ಮಿಲಿಗ್ರಾಂ ಇದ್ದರೆ ಬಹುತೇಕ ಬೆಳೆಗಳಿಗೆ ಕೊರತೆ ಕಾಣಿಸುವುದಿಲ್ಲ. ಆದರೆ ಸಾರಜನಕವನ್ನು ನೈಟ್ರೇಟ್ ರೂಪದಲ್ಲಿ ಹೀರಿ ಬದುಕುವ ಗಿಡಕ್ಕೆ ಆ ಒಂದು ಪರಮಾಣು ಸಿಗದೇ ಹೋದರೆ ಉಳಿದ ಹತ್ತು ಲಕ್ಷವೂ ದಕ್ಕುವುದಿಲ್ಲ. ಈ ಧಾತುವಿನ ಮೇಲೆ ನನಗಿರುವ ಪ್ರೀತಿ ಹುಟ್ಟಿದ್ದೇ ಈ ಲೆಕ್ಕದಿಂದ.

ಇಷ್ಟು ಕಡಿಮೆ ಬೇಕಾಗುವ ವಸ್ತು ನಿಜಕ್ಕೂ ಬೇಕು ಎಂದು ಸಾಬೀತು ಮಾಡುವುದೇ ದೊಡ್ಡ ಸಾಹಸವಾಗಿತ್ತು. 1930ರಲ್ಲಿ ಜರ್ಮನಿಯ ಬೋರ್ಟೆಲ್ಸ್, ಗಾಳಿಯ ಸಾರಜನಕವನ್ನು ಹಿಡಿಯುವ ಅಜಟೋಬ್ಯಾಕ್ಟರ್ ಎಂಬ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಮಾಲಿಬ್ಡಿನಮ್ ಬೇಕೆಂದು ತೋರಿಸಿದರು. 1939ರಲ್ಲಿ ಕ್ಯಾಲಿಫೋರ್ನಿಯಾದ ಡೇನಿಯಲ್ ಅರ್ನಾನ್ ಮತ್ತು ಸ್ಟೌಟ್ ಮಣ್ಣಿಲ್ಲದೆ ಬರೀ ಪೋಷಕ ದ್ರಾವಣದಲ್ಲಿ ಟೊಮೆಟೊ ಬೆಳೆಸಿ, ಮೇಲ್ವರ್ಗದ ಸಸ್ಯಗಳಿಗೂ ಅದು ಬೇಕೆಂದು ತೋರಿಸಿದರು. ಅಲ್ಲಿ ಕಷ್ಟದ ಕೆಲಸ ಲವಣಗಳನ್ನು ಶುದ್ಧೀಕರಿಸುವುದು. ಪ್ರಯೋಗಾಲಯದ ಒಳ್ಳೆಯ ಲವಣದಲ್ಲೂ ಗಿಡದ ಪಾಲಿಗೆ ಸಾಕಾಗುವಷ್ಟು ಮಾಲಿಬ್ಡಿನಮ್ ಕಲಬೆರಕೆಯಾಗಿ ಇರುತ್ತದೆ. ಅದನ್ನು ತೆಗೆದ ಮೇಲಷ್ಟೇ ಎಲೆಯಲ್ಲಿ ಹಳದಿ ಮಚ್ಚೆ ಮೂಡಿತು, ಅಂಚು ಸುರುಟಿಕೊಂಡಿತು. ದ್ರಾವಣಕ್ಕೆ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ಮಾಲಿಬ್ಡಿನಮ್ ಸೇರಿಸಿದಾಗ ಗಿಡ ಸರಿಯಾಯಿತು.

ಒಳಗೆ ಹೋದ ಮೇಲೆ ಅದು ಏನು ಮಾಡುತ್ತದೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ, ಇವತ್ತಿನ ವಿಷಯ ಅದಲ್ಲ. ಬೇರು ಹೀರಿದ ನೈಟ್ರೇಟನ್ನು ಗಿಡ ಬಳಸಬಲ್ಲ ರೂಪಕ್ಕೆ ಇಳಿಸುವ ಮೊದಲ ಕಿಣ್ವ ನೈಟ್ರೇಟ್ ರಿಡಕ್ಟೇಸ್. ಅದರ ನಡುವೆ ಮಾಲಿಬ್ಡಿನಮ್ ಕೂತಿದೆ. ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಒಡೆಯುವ ನೈಟ್ರೋಜಿನೇಸ್ ಕಿಣ್ವದ ಕೇಂದ್ರದಲ್ಲಿ ಏಳು ಕಬ್ಬಿಣ, ಒಂಬತ್ತು ಗಂಧಕದ ಪರಮಾಣುಗಳ ಜೊತೆ ಒಂದು ಮಾಲಿಬ್ಡಿನಮ್ ಇದೆ. ಇವಲ್ಲದೆ ಸಲ್ಫೈಟನ್ನು ನಿರ್ವಿಷಗೊಳಿಸುವ ಕಿಣ್ವಕ್ಕೂ, ಬರಗಾಲದಲ್ಲಿ ಎಲೆರಂಧ್ರ ಮುಚ್ಚಿಸುವ ಆಬ್ಸಿಸಿಕ್ ಆಮ್ಲ ತಯಾರಿಸುವ ಕಿಣ್ವಕ್ಕೂ ಅದು ಬೇಕು.

ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದು ಮಾತು. ಮಾಲಿಬ್ಡಿನಮ್ ಎಷ್ಟಿದೆ ಎಂಬ ಪ್ರಶ್ನೆ ನಮ್ಮನ್ನು ಬಹಳ ಸಲ ದಾರಿ ತಪ್ಪಿಸುತ್ತದೆ. ಅದು ಯಾವ ರೂಪದಲ್ಲಿದೆ, ಅದರ ಸುತ್ತ ಯಾರಿದ್ದಾರೆ ಎಂದು ಕೇಳಬೇಕು. ಮಣ್ಣಿಗೂ ಇದೇ ಮಾತು, ಸಮುದ್ರಕ್ಕೂ ಇದೇ ಮಾತು.

ಮಣ್ಣಿನಿಂದ ಹೊರಡೋಣ. ಸಾಧಾರಣ ಮಣ್ಣಿನ ಕಿಲೋ ಒಂದರಲ್ಲಿ ಒಂದೆರಡು ಮಿಲಿಗ್ರಾಂ ಮಾಲಿಬ್ಡಿನಮ್ ಇರುತ್ತದೆ. ಗಿಡದ ಅಗತ್ಯಕ್ಕೆ ಹೋಲಿಸಿದರೆ ಅದು ಧಾರಾಳ. ಆದರೆ ಅದರ ಬಹುಪಾಲು ಖನಿಜಗಳ ಒಳಗೆ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಕಣಗಳ ಮೈಗೆ ಅಂಟಿರುತ್ತದೆ. ಬೇರಿಗೆ ಸಿಗುವುದು ಮಣ್ಣಿನ ನೀರಿನಲ್ಲಿ ಕರಗಿರುವ ಮಾಲಿಬ್ಡೇಟ್ ಮಾತ್ರ. ಗಾಳಿಯಾಡುವ, ಅತಿಯಾದ ಹುಳಿಯಿಲ್ಲದ ಮಣ್ಣಿನಲ್ಲಿ ಮಾಲಿಬ್ಡಿನಮ್ ಈ ರೂಪದಲ್ಲಿರುತ್ತದೆ. ನಡುವೆ ಒಂದು ಮಾಲಿಬ್ಡಿನಮ್, ನಾಲ್ಕು ಮೂಲೆಗೆ ನಾಲ್ಕು ಆಮ್ಲಜನಕ, ಒಟ್ಟಿಗೆ ಎರಡು ಋಣ ವಿದ್ಯುದಂಶ.

ಆ ಋಣ ವಿದ್ಯುದಂಶವೇ ಅದರ ನಡತೆಯನ್ನೆಲ್ಲ ನಿರ್ಧರಿಸುತ್ತದೆ. ಕಬ್ಬಿಣ, ಸತು, ಮ್ಯಾಂಗನೀಸ್, ತಾಮ್ರ ಧನ ಅಯಾನುಗಳು. ಮಣ್ಣು ಹುಳಿಯಾದಷ್ಟೂ ಅವು ಹೆಚ್ಚು ಕರಗುತ್ತವೆ, ಸುಣ್ಣ ಹಾಕಿದರೆ ಗಿಡಕ್ಕೆ ಸಿಗುವುದು ಕಡಿಮೆಯಾಗುತ್ತದೆ. ಮಾಲಿಬ್ಡೇಟ್ ಇದಕ್ಕೆ ತದ್ವಿರುದ್ಧ. ಹುಳಿ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡುಗಳ ಮೈ ಧನ ವಿದ್ಯುದಂಶ ಪಡೆಯುತ್ತದೆ, ಋಣ ಅಯಾನಾದ ಮಾಲಿಬ್ಡೇಟನ್ನು ಅಪ್ಪಿ ಹಿಡಿದುಕೊಳ್ಳುತ್ತದೆ. ರಸಸಾರ, ಅಂದರೆ ಹುಳಿ-ಕ್ಷಾರದ ಅಳತೆ (pH), 4ರ ಆಸುಪಾಸಿನಲ್ಲಿದ್ದಾಗ ಈ ಹಿಡಿತ ಅತ್ಯಂತ ಬಿಗಿ. ರಸಸಾರ ಏರುತ್ತಾ ಹೋದಂತೆ ಹಿಡಿತ ಸಡಿಲವಾಗುತ್ತದೆ. ಬರೀ ರಾಸಾಯನಿಕ ಸಮತೋಲದ ಲೆಕ್ಕ ಹಿಡಿದರೆ ರಸಸಾರ ಒಂದಂಕ ಏರಿದಾಗ ದ್ರಾವಣದ ಮಾಲಿಬ್ಡೇಟ್ ನೂರು ಪಟ್ಟಿನಷ್ಟು ಹೆಚ್ಚಬಹುದು. ನಿಜವಾದ ಮಣ್ಣಿನಲ್ಲಿ ಅಷ್ಟು ಏರುವುದಿಲ್ಲ, ಆದರೂ ದಿಕ್ಕು ಅದೇ. ಹಾಗಾಗಿ ಕೆಂಪು ಬಣ್ಣದ, ಕಬ್ಬಿಣದ ಅಂಶ ಜಾಸ್ತಿಯಿರುವ ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಮ್ ಇದ್ದೂ ಇಲ್ಲದಂತೆ. ಅಲ್ಲಿ ಸುಣ್ಣ ಹಾಕಿದರೆ ಒಂದು ಗ್ರಾಂ ಮಾಲಿಬ್ಡಿನಮ್ ಕೊಡದೆಯೇ ಕೊರತೆ ನೀಗಬಹುದು.

ಇದು ಬಯಲಿಗೆ ಬಂದದ್ದು ಆಸ್ಟ್ರೇಲಿಯಾದಲ್ಲಿ. ದಕ್ಷಿಣ ಆಸ್ಟ್ರೇಲಿಯಾದ ಹುಳಿ ಮಣ್ಣಿನ ಹುಲ್ಲುಗಾವಲುಗಳಲ್ಲಿ ಸಬ್‌ಟರೇನಿಯನ್ ಕ್ಲೋವರ್ ಎಂಬ ದ್ವಿದಳ ಮೇವು ರಂಜಕ ಕೊಟ್ಟರೂ ಏಳುತ್ತಿರಲಿಲ್ಲ. ಮರದ ಬೂದಿ ಬಿದ್ದ ಕಡೆ ಮಾತ್ರ ಚೆನ್ನಾಗಿ ಬೆಳೆಯುತ್ತಿತ್ತು. ಬೂದಿಯಲ್ಲಿ ಏನಿದೆ ಎಂದು ಒಂದೊಂದಾಗಿ ಪರೀಕ್ಷಿಸುತ್ತಾ ಹೋದ ಎ. ಜೆ. ಆಂಡರ್ಸನ್ 1942ರಲ್ಲಿ ಉತ್ತರವನ್ನು ಪ್ರಕಟಿಸಿದರು: ಮಾಲಿಬ್ಡಿನಮ್. ಹೆಕ್ಟೇರಿಗೆ ಕೆಲವೇ ಹತ್ತು ಗ್ರಾಂ ಚೆಲ್ಲಿದರೆ ಸಾಕು, ಅದರ ಫಲ ವರ್ಷಗಟ್ಟಲೆ ಉಳಿಯುತ್ತದೆ ಎಂದು ಮುಂದೆ ಗೊತ್ತಾಯಿತು. ಕೃಷಿ ವಿಜ್ಞಾನದಲ್ಲಿ ಇಷ್ಟು ಕಡಿಮೆ ವಸ್ತು ಇಷ್ಟು ದೊಡ್ಡ ಪ್ರದೇಶದ ಹಣೆಬರಹ ಬದಲಿಸಿದ ಉದಾಹರಣೆಗಳು ವಿರಳ. ಬೂದಿಯ ಗುಣವೂ ಇಮ್ಮಡಿ: ಅದರಲ್ಲಿ ಮಾಲಿಬ್ಡಿನಮ್ ಇದೆ, ಮೇಲಾಗಿ ಅದು ಕ್ಷಾರ, ಮಣ್ಣಿನಲ್ಲಿ ಮೊದಲೇ ಸಿಕ್ಕಿಕೊಂಡಿದ್ದನ್ನೂ ಬಿಡಿಸಬಲ್ಲದು.

ಗೊಬ್ಬರಗಳ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮಣ್ಣಿನ ಕಣಗಳ ಮೈಮೇಲೆ ಫಾಸ್ಫೇಟ್ ಮತ್ತು ಮಾಲಿಬ್ಡೇಟ್ ಒಂದೇ ಜಾಗಕ್ಕೆ ಹೊಡೆದಾಡುತ್ತವೆ. ರಂಜಕದ ಗೊಬ್ಬರ ಹಾಕಿದಾಗ ಫಾಸ್ಫೇಟ್ ಅಲ್ಲಿ ಕೂತು ಮಾಲಿಬ್ಡೇಟನ್ನು ನೀರಿಗೆ ತಳ್ಳುತ್ತದೆ. ಗಿಡದ ಹೀರುವಿಕೆ ಏರುತ್ತದೆ. ಸಲ್ಫೇಟ್ ಹಾಕಿದರೆ ಹೀರುವಿಕೆ ಇಳಿಯುತ್ತದೆ. ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ ಇವೆರಡೂ ಇವೆ, ಯಾಕೆಂದರೆ ಅದರಲ್ಲಿ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಇದೆ. ಒಂದೇ ಚೀಲದಲ್ಲಿ ಕೊಡುವ ಕೈಯೂ ಇದೆ, ತಡೆಯುವ ಕೈಯೂ ಇದೆ. ಸಲ್ಫೇಟ್ ಯಾಕೆ ತಡೆಯುತ್ತದೆ ಎಂಬುದಕ್ಕೆ ಈಗಲೇ ಬರುತ್ತೇನೆ. ಅದಕ್ಕೂ ಮೊದಲು ಸಾವಯವ ಅಂಶದ ಬಗ್ಗೆ ಒಂದು ಮಾತು.

ಕೊಳೆತ ಎಲೆಗಳಿಂದ ಬರುವ ಟ್ಯಾನಿನ್‌ನಂಥ ವಸ್ತುಗಳು ಮಾಲಿಬ್ಡಿನಮ್ಮನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಿಡಿದಿಟ್ಟರೆ ಜೀವಿಗಳಿಗೆ ಸಿಗುವುದಿಲ್ಲವಲ್ಲ ಎಂದು ಅನಿಸಬಹುದು. ಹಾಗಾಗುವುದಿಲ್ಲ. ಋಣ ಅಯಾನು ಮಳೆನೀರಿನಲ್ಲಿ ಸುಲಭವಾಗಿ ಕೊಚ್ಚಿ ಹೋಗುವಂಥದ್ದು, ಸಾವಯವ ಪದರ ಅದನ್ನು ಬೇರಿನ ವಲಯದಲ್ಲೇ ಉಳಿಸುತ್ತದೆ. ಅಜಟೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಅದನ್ನು ಅಲ್ಲಿಂದ ಬಿಡಿಸಿಕೊಳ್ಳಬಲ್ಲದು. ಕಬ್ಬಿಣ ಹಿಡಿಯಲು ಅದು ಹೊರಗೆ ಬಿಡುವ ಸಿಡೆರೋಫೋರ್ ಎಂಬ ಅಣುಗಳಿವೆ. ಅವುಗಳಲ್ಲಿ ಕೆಲವು ಮಾಲಿಬ್ಡೇಟಿಗೂ ಗಟ್ಟಿಯಾಗಿ ಅಂಟುತ್ತವೆ, ಆ ಜೋಡಿಯನ್ನು ಬ್ಯಾಕ್ಟೀರಿಯಾ ಒಟ್ಟಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. 2008ರ ಸುಮಾರಿಗೆ ಇದು ಪ್ರಕಟವಾಗುವವರೆಗೆ ಈ ಅಣುಗಳನ್ನು ಬಹುಮಟ್ಟಿಗೆ ಕಬ್ಬಿಣದ ಸಲಕರಣೆ ಎಂದೇ ನೋಡಲಾಗುತ್ತಿತ್ತು.

ಈಗ ಬೇರಿನ ಬಾಗಿಲಿಗೆ ಬರೋಣ. ಇವತ್ತಿನ ಮಾತಿನ ತಿರುಳು ಇಲ್ಲಿದೆ.

ಸಲ್ಫೇಟನ್ನೂ ಮಾಲಿಬ್ಡೇಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡಕ್ಕೂ ನಾಲ್ಕು ಮೂಲೆಯ ಅದೇ ಆಕಾರ, ಎರಡಕ್ಕೂ ಅದೇ ಎರಡು ಋಣ ವಿದ್ಯುದಂಶ. ವ್ಯತ್ಯಾಸ ಅಳತೆಯಲ್ಲಿ. ಗಂಧಕದಿಂದ ಆಮ್ಲಜನಕಕ್ಕೆ ಇರುವ ದೂರ ಸುಮಾರು 1.5 ಆಂಗ್‌ಸ್ಟ್ರಾಮ್, ಮಾಲಿಬ್ಡಿನಮ್ಮಿನಿಂದ ಆಮ್ಲಜನಕಕ್ಕೆ ಸುಮಾರು 1.8. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಅದರಲ್ಲಿ ಮೂರನೇ ಒಂದು ಭಾಗದಷ್ಟು ಅಂತರವನ್ನು ಜೀವಕೋಶದ ಪೊರೆಯಲ್ಲಿರುವ ಪ್ರೋಟೀನು ಗುರುತಿಸಬೇಕು. ಗುರುತಿಸದಿದ್ದರೆ ಸಲ್ಫೇಟ್ ನುಗ್ಗುತ್ತದೆ, ಯಾಕೆಂದರೆ ಹೊರಗೆ ಅದೇ ಸಾವಿರಾರು ಪಟ್ಟು ಹೆಚ್ಚು.

ಗಿಡಗಳು ಇದನ್ನು ಎರಡು ರೀತಿಯಲ್ಲಿ ನಿಭಾಯಿಸುತ್ತವೆ. ಮೊದಲನೆಯದು, ಸಲ್ಫೇಟನ್ನು ಪೊರೆ ದಾಟಿಸುವ ಪ್ರೋಟೀನುಗಳ, ಅಂದರೆ ಸಲ್ಫೇಟ್ ವಾಹಕಗಳ ಮೂಲಕವೇ ಮಾಲಿಬ್ಡೇಟೂ ನುಸುಳಿಕೊಂಡು ಬರುವುದು. ಗಂಧಕದ ಕೊರತೆಯಿರುವ ಗಿಡ ತನ್ನ ಸಲ್ಫೇಟ್ ವಾಹಕಗಳ ಸಂಖ್ಯೆ ಹೆಚ್ಚಿಸುತ್ತದೆ. ಹೊರಗೆ ಸಲ್ಫೇಟ್ ಇಲ್ಲದ್ದರಿಂದ ಪೈಪೋಟಿಯೂ ಇಲ್ಲ. ಮಾಲಿಬ್ಡಿನಮ್ ಧಾರಾಳವಾಗಿ ಒಳಗೆ ಬರುತ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆಯುತ್ತಿರುವ ಬ್ರಾಡ್‌ಬಾಕ್ ಗೋಧಿ ಪ್ರಯೋಗದಲ್ಲಿ ಗಂಧಕ ಹಾಕದ ತಾಕುಗಳ ಗೋಧಿಯಲ್ಲಿ ಮಾಲಿಬ್ಡಿನಮ್ ಎದ್ದು ಕಾಣುವಷ್ಟು ಹೆಚ್ಚು. ಆ ತಾಕಿಗೆ ಯಾರೂ ಮಾಲಿಬ್ಡಿನಮ್ ಹಾಕಿಲ್ಲ. ಗಂಧಕ ಹಾಕದಿರುವುದೇ ಕಾರಣ.

ಎರಡನೆಯದು, ಮಾಲಿಬ್ಡೇಟಿಗೆಂದೇ ಮೀಸಲಾದ ವಾಹಕ. ಬ್ಯಾಕ್ಟೀರಿಯಾಗಳಲ್ಲಿ ಅಂಥದ್ದು ಇದೆಯೆಂದು ಬಹಳ ಮುಂಚೆಯೇ ಗೊತ್ತಿತ್ತು. ಗಿಡಗಳಲ್ಲಿ ಅದನ್ನು ಹುಡುಕಿ ತೆಗೆದದ್ದು 2007ರಲ್ಲಿ, ಒಂದೇ ವರ್ಷ ಎರಡು ಗುಂಪುಗಳು. ಜಪಾನಿನ ಗುಂಪು ಅರಬಿಡಾಪ್ಸಿಸ್ ಎಂಬ ಸಣ್ಣ ಸಾಸಿವೆ ಜಾತಿಯ ಗಿಡದಲ್ಲಿ, ಸ್ಪೇನಿನ ಕಾರ್ಡೋಬಾದ ಗುಂಪು ಕ್ಲಾಮಿಡೋಮೊನಾಸ್ ಎಂಬ ಸಿಹಿನೀರಿನ ಹಸಿರು ಪಾಚಿಯಲ್ಲಿ. ಇಬ್ಬರೂ ಅದನ್ನು ಮೋಟ್-1 ಎಂದು ಕರೆದರು. ಸ್ವಾರಸ್ಯವೆಂದರೆ ವಂಶಾವಳಿಯಲ್ಲಿ ಅದು ಸಲ್ಫೇಟ್ ವಾಹಕಗಳ ಕುಟುಂಬದ್ದೇ. ಆದರೆ ಸಲ್ಫೇಟ್ ಸಾಗಿಸುವ ಕೆಲಸ ಬಿಟ್ಟು ಮಾಲಿಬ್ಡೇಟಿಗೆ ಮುಡಿಪಾಗಿದೆ.

ಇದನ್ನು ಪರೀಕ್ಷಿಸಿದ ರೀತಿ ನನಗೆ ತುಂಬಾ ಇಷ್ಟ. ಬ್ರೆಡ್ ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದರಲ್ಲಿ ಮಾಲಿಬ್ಡಿನಮ್ ಬಳಸುವ ಕಿಣ್ವಗಳೇ ಇಲ್ಲ. ಹಾಗಾಗಿ ಮಾಲಿಬ್ಡೇಟಿಗೆ ಮೀಸಲಾದ ವಾಹಕದ ಗೊಡವೆಯೂ ಇಲ್ಲ. ಆ ಯೀಸ್ಟಿಗೆ ಗಿಡದ ಈ ಜೀನನ್ನು ಸೇರಿಸಿದರೆ ಮೊದಲಿಗಿಂತ ಹೆಚ್ಚಾಗಿ ಒಳಗೆ ಬರುವ ಮಾಲಿಬ್ಡಿನಮ್ ಹೊಸ ವಾಹಕದ ಲೆಕ್ಕಕ್ಕೆ. ಅಳೆದಾಗ ತಿಳಿದದ್ದು, ಅರಬಿಡಾಪ್ಸಿಸ್‌ನ ವಾಹಕ ಲೀಟರಿಗೆ 20 ನ್ಯಾನೋಮೋಲ್‌ನಷ್ಟು ತೆಳು ದ್ರಾವಣದಲ್ಲೇ ತನ್ನ ಪೂರ್ಣ ವೇಗದ ಅರ್ಧವನ್ನು ಮುಟ್ಟುತ್ತದೆ. ಪಾಚಿಯದು ಇನ್ನೂ ಚುರುಕು, ಸುಮಾರು 6 ನ್ಯಾನೋಮೋಲ್ ಸಾಕು. 20 ನ್ಯಾನೋಮೋಲ್ ಎಂದರೆ ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ಐದು ಲಕ್ಷದಲ್ಲೊಂದು ಪಾಲು.

ಮರುವರ್ಷ ಇನ್ನೊಂದು ಕೆಲಸ ಬಂತು, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅರಬಿಡಾಪ್ಸಿಸ್‌ನಲ್ಲಿ ಬೇರೆ ಬೇರೆ ಕಡೆಯಿಂದ ತಂದ ತಳಿಗಳಿವೆ. ಒಂದೇ ಮಣ್ಣಿನಲ್ಲಿ ಬೆಳೆಸಿದರೂ ಲ್ಯಾಂಡ್ಸ್‌ಬರ್ಗ್ ಎಂಬ ತಳಿಯ ಎಲೆಯಲ್ಲಿ ಮಾಲಿಬ್ಡಿನಮ್ ತೀರಾ ಕಡಿಮೆ. ದೋಷ ಎಲೆಯಲ್ಲಿದೆಯೋ ಬೇರಿನಲ್ಲಿದೆಯೋ? ಸಂಶೋಧಕರು ಕಸಿ ಕಟ್ಟಿದರು. ಲ್ಯಾಂಡ್ಸ್‌ಬರ್ಗ್ ಬೇರಿನ ಮೇಲೆ ಬೇರೆ ತಳಿಯ ಚಿಗುರು, ಬೇರೆ ತಳಿಯ ಬೇರಿನ ಮೇಲೆ ಲ್ಯಾಂಡ್ಸ್‌ಬರ್ಗ್ ಚಿಗುರು. ಎಲೆಯ ಮಾಲಿಬ್ಡಿನಮ್ ಬೇರು ಯಾರದೋ ಅವರಂತೆ ಇತ್ತು. ಜೀನನ್ನು ಓದಿ ನೋಡಿದರೆ, ವಾಹಕದ ಪ್ರೋಟೀನಿನಲ್ಲಿ ದೋಷವಿಲ್ಲ. ಜೀನ್ ಎಷ್ಟು ಕೆಲಸ ಮಾಡಬೇಕೆಂದು ನಿರ್ಧರಿಸುವ ಮುಂಭಾಗದಲ್ಲಿ ಡಿಎನ್ಎಯ 53 ಅಕ್ಷರಗಳು ಬಿಟ್ಟುಹೋಗಿದ್ದವು. ವಾಹಕ ಸರಿಯಾದದ್ದೇ, ತಯಾರಾಗುವುದು ಕಡಿಮೆ. ಮುಂದಿನ ಅಧ್ಯಯನಗಳು ಇಂಥ ದುರ್ಬಲ ರೂಪಗಳಿಗೂ ಗಿಡ ಹುಟ್ಟಿ ಬೆಳೆದ ಜಾಗದ ಮಣ್ಣಿನ ಮಾಲಿಬ್ಡಿನಮ್ಮಿಗೂ ಸಂಬಂಧವಿದೆಯೆಂದು ತೋರಿಸಿದವು. ಹೇರಳವಾಗಿರುವ ಕಡೆ ಮಂದ ವಾಹಕವೇ ಕ್ಷೇಮ, ಕಡಿಮೆಯಿರುವ ಕಡೆ ಚುರುಕಾದದ್ದು ಬೇಕು.

ಒಂದು ವಿವಾದವನ್ನೂ ಹೇಳಬೇಕು. ಈ ಪ್ರೋಟೀನು ಕೋಶದಲ್ಲಿ ಎಲ್ಲಿ ಕೂತಿರುತ್ತದೆ ಎಂಬುದರಲ್ಲಿ ಸಂಶೋಧಕರಿಗೆ ಒಮ್ಮತವಿರಲಿಲ್ಲ. ಹೊರಪೊರೆಯಲ್ಲಿ ಎಂದು ಒಬ್ಬರು, ಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದಲ್ಲಿ ಎಂದು ಇನ್ನೊಬ್ಬರು. ಮೈಟೋಕಾಂಡ್ರಿಯಾದಲ್ಲಿದ್ದರೆ ಬೇರು ಹೀರುವ ಮೊದಲ ಬಾಗಿಲು ಅದಾಗಲಾರದು. ಪಠ್ಯಪುಸ್ತಕದ ಚಿತ್ರಗಳಲ್ಲಿ ಮೋಟ್-1 ಅನ್ನು ಬೇರಿನ ಹೊರಗೋಡೆಯಲ್ಲಿ ಬಿಡಿಸಿ ನಿಶ್ಚಿಂತೆಯಾಗಿ ಬಾಣ ಎಳೆದಿರುವುದನ್ನು ಕಂಡಾಗ ನನಗೆ ಸಮಾಧಾನವಾಗುವುದಿಲ್ಲ.

ಒಳಗೆ ಬಂದ ಮಾಲಿಬ್ಡೇಟ್ ನೀರಿನ ನಾಳಗಳಲ್ಲಿ ಮೇಲೇರುತ್ತದೆ. ಹೆಚ್ಚಾದದ್ದನ್ನು ಗಿಡ ಕೋಶರಸದ ಚೀಲದಲ್ಲಿ, ಅಂದರೆ ವ್ಯಾಕ್ಯೂಲಿನಲ್ಲಿ, ಕೂಡಿಡುತ್ತದೆ. ಎಲೆ ಮುದಿಯಾದಾಗ ಮೋಟ್-2 ಎಂಬ ಇನ್ನೊಂದು ವಾಹಕ ಅದನ್ನು ಅಲ್ಲಿಂದ ಹೊರತೆಗೆದು ಬೀಜಕ್ಕೆ ಸೇರಲು ಅನುವು ಮಾಡಿಕೊಡುತ್ತದೆ. ದಪ್ಪ ಬೀಜದ ದ್ವಿದಳಗಳಲ್ಲಿ ತಾಯಿಗಿಡ ತುಂಬಿಟ್ಟ ಮಾಲಿಬ್ಡಿನಮ್ಮೇ ಮುಂದಿನ ಪೀಳಿಗೆಯ ಇಡೀ ಆಯುಷ್ಯಕ್ಕೆ ಸಾಕಾಗುವುದುಂಟು. ಅಂಥ ಬೀಜ ಬಿತ್ತಿ ಮಾಲಿಬ್ಡಿನಮ್ ಪ್ರಯೋಗ ಮಾಡಿದರೆ ಯಾವ ವ್ಯತ್ಯಾಸವೂ ಕಾಣದೆ ಪ್ರಯೋಗ ವ್ಯರ್ಥವಾಗುತ್ತದೆ. ಇನ್ನು ಸಾಸಿವೆ, ಎಲೆಕೋಸಿನ ಕುಟುಂಬದ ಸಸಿಗಳಿಗೆ ಮಾಲಿಬ್ಡೇಟನ್ನು ಅತಿಯಾಗಿ ಕೊಟ್ಟರೆ ಅವು ನೀಲಿಯಾಗುತ್ತವೆ. ಕಾಂಡದ ಹೊರಪದರದ ಕೋಶಗಳಲ್ಲಿ ನೀರಿನಲ್ಲಿ ಕರಗುವ ನೀಲಿ ವಸ್ತು ಶೇಖರವಾಗುತ್ತದೆ, ಬದನೆ ಬಣ್ಣದ ಆಂಥೋಸಯಾನಿನ್‌ಗೂ ಅದಕ್ಕೂ ನಂಟಿದೆ.

ದ್ವಿದಳಗಳ ಬೇರುಗಂಟಿನದು ಬೇರೆಯೇ ಕಷ್ಟ. ಅಲ್ಲಿ ಮಾಲಿಬ್ಡೇಟ್ ಮಣ್ಣಿನಿಂದ ನೇರ ಬ್ಯಾಕ್ಟೀರಿಯಾಕ್ಕೆ ಹೋಗುವುದಿಲ್ಲ. ಗಿಡ ಅದನ್ನು ಹೀರಿ, ನಾಳದಲ್ಲಿ ಸಾಗಿಸಿ, ಗಂಟಿನ ಕೋಶದೊಳಗೆ ಬಿಟ್ಟು, ಬ್ಯಾಕ್ಟೀರಿಯಾವನ್ನು ಸುತ್ತುವರಿದ ಪೊರೆಯನ್ನೂ ದಾಟಿಸಬೇಕು. ಮೆಡಿಕಾಗೊ ಎಂಬ ಮೇವಿನ ಗಿಡದಲ್ಲಿ ಬೇರುಗಂಟಿನಲ್ಲಿ ಮಾತ್ರ ಕೆಲಸ ಮಾಡುವ ಮೋಟ್ ವಾಹಕವೊಂದು ಸಿಕ್ಕಿದೆ. ಅದನ್ನು ಕೆಡಿಸಿದರೆ ಗಂಟಿನ ನೈಟ್ರೋಜಿನೇಸ್ ಸೊರಗುತ್ತದೆ.

ನೆಲ ಬಿಟ್ಟು ನೀರಿಗೆ ಇಳಿಯೋಣ.

ಸಮುದ್ರದಲ್ಲಿ ಅತ್ಯಂತ ಹೇರಳವಾಗಿರುವ ಸಂಕ್ರಮಣ ಲೋಹ (ಕಬ್ಬಿಣ, ತಾಮ್ರ ಸೇರಿರುವ ಲೋಹಗಳ ಗುಂಪು) ಯಾವುದು ಎಂದು ಕೇಳಿದರೆ ಹೆಚ್ಚಿನವರು ಕಬ್ಬಿಣ ಎನ್ನುತ್ತಾರೆ. ಅದು ಮಾಲಿಬ್ಡಿನಮ್. ಲೀಟರಿಗೆ ಸುಮಾರು 10 ಮೈಕ್ರೋಗ್ರಾಂ, ಅಂದರೆ ಸುಮಾರು 105 ನ್ಯಾನೋಮೋಲ್. ತೆರೆದ ಸಾಗರದ ಮೇಲ್ಪದರದಲ್ಲಿ ಕಬ್ಬಿಣ ಒಂದು ನ್ಯಾನೋಮೋಲ್ ಕೂಡ ಇರುವುದಿಲ್ಲ. ನದಿಗಳು ತರುವ ನೀರಿನಲ್ಲಿ ಮಾಲಿಬ್ಡಿನಮ್ ಕಡಿಮೆಯೇ, ಆದರೆ ಒಮ್ಮೆ ಸಮುದ್ರ ಸೇರಿದ ಮಾಲಿಬ್ಡೇಟ್ ಆಮ್ಲಜನಕವಿರುವ ನೀರಿನಲ್ಲಿ ಏನಕ್ಕೂ ಬೇಗ ಅಂಟುವುದಿಲ್ಲ. ಲಕ್ಷಾಂತರ ವರ್ಷ ಅಲ್ಲೇ ಸುತ್ತಾಡಿಕೊಂಡಿರುತ್ತದೆ. ಸಾಗರ ತನ್ನನ್ನು ತಾನು ಕಲಸಿಕೊಳ್ಳಲು ಬೇಕಾಗುವುದು ಸಾವಿರ ವರ್ಷದ ಆಸುಪಾಸು. ಹಾಗಾಗಿ ಯಾವ ಸಾಗರದಿಂದ ನೀರೆತ್ತಿದರೂ ಉಪ್ಪಿಗೆ ಹೋಲಿಸಿದ ಅದರ ಪ್ರಮಾಣ ಹೆಚ್ಚುಕಡಿಮೆ ಒಂದೇ.

ಇಷ್ಟಿದ್ದರೆ ಪಾಚಿಗಳಿಗೆ ಸುಗ್ಗಿಯಲ್ಲವೇ? ಇಲ್ಲಿ ಮತ್ತೆ ಸಲ್ಫೇಟ್ ಬಂದು ನಿಲ್ಲುತ್ತದೆ. ಸಮುದ್ರದಲ್ಲಿ ಸಲ್ಫೇಟ್ ಲೀಟರಿಗೆ 28 ಮಿಲಿಮೋಲ್. ಭಾಗಿಸಿ ನೋಡಿ: ಒಂದು ಮಾಲಿಬ್ಡೇಟಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಸಲ್ಫೇಟ್. ಎರಡೂವರೆ ಲಕ್ಷ ಜನ ಸೇರಿದ ಬಯಲಿನಲ್ಲಿ, ಎಲ್ಲರೂ ಒಂದೇ ಬಗೆಯ ಬಟ್ಟೆ ತೊಟ್ಟಿರುವಾಗ, ಉಳಿದವರಿಗಿಂತ ಒಂದು ಗೇಣು ಎತ್ತರವಿರುವ ಒಬ್ಬನನ್ನು ಹುಡುಕಿದ ಹಾಗೆ. 1985ರಲ್ಲಿ ರಾಬರ್ಟ್ ಹೋವರ್ತ್ ಮತ್ತು ಜೊನಾಥನ್ ಕೋಲ್ ಒಂದು ವಾದ ಮುಂದಿಟ್ಟರು. ಸಿಹಿನೀರಿನ ಸರೋವರಗಳಲ್ಲಿ ಸಾರಜನಕ ಕಡಿಮೆಯಾದಾಗ ಸಯಾನೋಬ್ಯಾಕ್ಟೀರಿಯಾಗಳು, ಅಂದರೆ ನೀಲಿ-ಹಸಿರು ಪಾಚಿಗಳು, ಗಾಳಿಯಿಂದ ಸಾರಜನಕ ಹಿಡಿದು ಕೊರತೆ ತುಂಬುತ್ತವೆ. ಕರಾವಳಿಯ ಉಪ್ಪುನೀರಿನಲ್ಲಿ ಹಾಗೆ ತುಂಬುವುದು ಕಡಿಮೆ. ಸಲ್ಫೇಟ್ ಮಾಲಿಬ್ಡೇಟಿನ ದಾರಿಗೆ ಅಡ್ಡ ನಿಲ್ಲುವುದು ಅದಕ್ಕೊಂದು ಕಾರಣವಿರಬಹುದು ಎಂಬುದು ಅವರ ಮಾತು. ಸಲ್ಫೇಟ್ ಹೆಚ್ಚಿಸಿದಾಗ ಮಾಲಿಬ್ಡೇಟ್ ಹೀರುವ ವೇಗ ಇಳಿಯುವುದನ್ನು ಪ್ರಯೋಗಗಳು ತೋರಿಸಿದವು. ಆದರೆ ವೇಗ ಇಳಿದ ಮಾತ್ರಕ್ಕೆ ಬೆಳವಣಿಗೆ ನಿಲ್ಲಬೇಕೆಂದಿಲ್ಲ. ಅಗತ್ಯವೇ ಅಷ್ಟು ಸಣ್ಣದಾಗಿರುವಾಗ ನಿಧಾನವಾಗಿ ಬಂದರೂ ಸಾಕಾಗಬಹುದು. ಕರಾವಳಿ ನೀರಿಗೆ ಮಾಲಿಬ್ಡಿನಮ್ ಸೇರಿಸಿ ನೋಡಿದ ಕೆಲವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಇವತ್ತು ಹೆಚ್ಚಿನವರು ಸಾಗರದಲ್ಲಿ ಕಬ್ಬಿಣ, ರಂಜಕಗಳನ್ನೇ ಮುಖ್ಯ ಕಡಿವಾಣ ಎಂದು ಎಣಿಸುತ್ತಾರೆ. ಸಲ್ಫೇಟಿನ ಅಡ್ಡಿ ನಿಜ, ಅದರಿಂದ ಆಗುವ ನಷ್ಟ ಜೀವಿಯಿಂದ ಜೀವಿಗೆ ಬೇರೆ ಎಂದೇ ನಾನು ಓದಿಕೊಂಡಿರುವುದು.

ಸಿಹಿನೀರಿನಲ್ಲಿ ಕಥೆ ತಿರುಗುಮುರುಗು. ಅಲ್ಲಿ ಸಲ್ಫೇಟಿನ ಕಾಟ ಕಡಿಮೆ, ಆದರೆ ಮಾಲಿಬ್ಡಿನಮ್ಮೇ ಬೆರಳೆಣಿಕೆಯ ನ್ಯಾನೋಮೋಲ್. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದ ಕ್ಯಾಸಲ್ ಲೇಕ್ ಎಂಬ ಬೆಟ್ಟದ ಸರೋವರದ ನೀರಿಗೆ ಚಾರ್ಲ್ಸ್ ಗೋಲ್ಡ್‌ಮನ್ ಮಾಲಿಬ್ಡಿನಮ್ ಸೇರಿಸಿ, ವಿಕಿರಣಶೀಲ ಇಂಗಾಲ ಬಳಸಿ ಪಾಚಿಗಳ ದ್ಯುತಿಸಂಶ್ಲೇಷಣೆ ಅಳೆದರು. ಅದು ಏರಿತು. 1960ರಲ್ಲಿ ಪ್ರಕಟವಾದ ಈ ಫಲಿತಾಂಶ, ಒಂದು ಇಡೀ ಸರೋವರದ ಉತ್ಪಾದನೆಗೆ ಈ ಧಾತು ಕಡಿವಾಣವಾಗಬಹುದು ಎಂಬುದಕ್ಕೆ ಮೊದಲ ಸ್ಪಷ್ಟ ಸಾಕ್ಷಿಗಳಲ್ಲೊಂದು. ಕ್ಲಾಮಿಡೋಮೊನಾಸ್‌ನ ವಾಹಕ 6 ನ್ಯಾನೋಮೋಲ್‌ಗೇ ಚುರುಕಾಗಿರುವುದು ಯಾಕೆಂದು ಈಗ ಅರ್ಥವಾಗುತ್ತದೆ.

ಆಮ್ಲಜನಕವಿಲ್ಲದ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ತುಂಬಿದ ನೀರಿನಲ್ಲಿ ಮಾಲಿಬ್ಡೇಟಿನ ನಾಲ್ಕು ಆಮ್ಲಜನಕಗಳನ್ನು ಗಂಧಕ ಒಂದೊಂದಾಗಿ ಕಿತ್ತು ತಾನು ಕೂರುತ್ತದೆ. ಹಾಗಾದ ಥಯೋಮಾಲಿಬ್ಡೇಟ್ ಕಣಗಳಿಗೆ ಅಂಟಿ ತಳ ಸೇರುತ್ತದೆ. ಕಪ್ಪು ಸಮುದ್ರದ ಆಳದ ನೀರಿನಲ್ಲಿ ಮಾಲಿಬ್ಡಿನಮ್ ಬಹುಪಾಲು ಕಾಣೆಯಾಗಿರುವುದು ಇದರಿಂದಲೇ. ನೂರಾರು ಕೋಟಿ ವರ್ಷಗಳ ಹಿಂದೆ ಸಾಗರಗಳ ಆಳದಲ್ಲಿ ಇಂಥ ನೀರು ವ್ಯಾಪಕವಾಗಿದ್ದಾಗ ಮಾಲಿಬ್ಡಿನಮ್ ಬರಗಾಲ ಬಂದು, ಸಾರಜನಕದ ಕೊರತೆಯಿಂದ ಪಾಚಿಗಳ ವಿಕಾಸ ಕುಂಟಿರಬಹುದು ಎಂದು ಏರಿಯಲ್ ಅನ್ಬಾರ್ ಮತ್ತು ಆಂಡ್ರ್ಯೂ ನೋಲ್ 2002ರಲ್ಲಿ ಬರೆದರು. ಇದು ಊಹೆಯೇ ಹೌದು, ಆದರೆ ಹಳೆಯ ಕಪ್ಪು ಶಿಲೆಗಳಲ್ಲಿ ಮಾಲಿಬ್ಡಿನಮ್ ಅಳೆಯುವವರಿಗೆ ಅದು ದೊಡ್ಡ ದಾರಿ ತೆರೆಯಿತು.

ಮೀನು, ಚಿಪ್ಪುಜೀವಿಗಳ ಬಗ್ಗೆ ಒಂದು ತಪ್ಪು ಲೆಕ್ಕವನ್ನು ಬಿಡಿಸಿ ಹೇಳಬೇಕಿದೆ. ಪಾದರಸದಂಥ ವಿಷಗಳಿಗೆ ನಾವು ಸಾಂದ್ರೀಕರಣ ಗುಣಾಂಕ ಎಂದು ಲೆಕ್ಕ ಹಾಕುತ್ತೇವೆ: ಮೀನಿನ ಮೈಯಲ್ಲಿರುವುದನ್ನು ನೀರಿನಲ್ಲಿರುವುದರಿಂದ ಭಾಗಿಸುವುದು. ಸಂಖ್ಯೆ ದೊಡ್ಡದಾದರೆ ಅಪಾಯ ದೊಡ್ಡದು ಎಂದು ಅರ್ಥ ಮಾಡುತ್ತೇವೆ. ಮಾಲಿಬ್ಡಿನಮ್ಮಿಗೆ ಇದನ್ನು ಹಾಕಿದರೆ ಅರ್ಥ ಕೆಡುತ್ತದೆ. ಅದು ಮೀನಿಗೂ ಬೇಕಾದ ಧಾತು, ನೀರಿನಲ್ಲಿ ಎಷ್ಟೇ ಇರಲಿ ಮೈಯಲ್ಲಿ ಬೇಕಾದಷ್ಟನ್ನು ಕಾಯ್ದುಕೊಳ್ಳಲು ಮೀನು ನೋಡುತ್ತದೆ. ಉದಾಹರಣೆಗೆ, ನೀರಿನಲ್ಲಿ ಮಾಲಿಬ್ಡಿನಮ್ ನೂರು ಪಟ್ಟು ಹೆಚ್ಚಿ ಮೈಯಲ್ಲಿ ಹೆಚ್ಚೂಕಡಿಮೆ ಅಷ್ಟೇ ಉಳಿದರೆ ಗುಣಾಂಕ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಅಂದರೆ ಅತಿ ಶುದ್ಧವಾದ ನೀರಿನ ಮೀನಿಗೆ ಅತಿ ದೊಡ್ಡ ಗುಣಾಂಕ! ಅಳತೆಗಳಲ್ಲೂ ಇದೇ ಇಳಿಜಾರು ಕಾಣುತ್ತದೆ. ಪಾಚಿಯಿಂದ ಸಣ್ಣ ಪ್ರಾಣಿಗೆ, ಅಲ್ಲಿಂದ ದೊಡ್ಡ ಮೀನಿಗೆ ಹೋಗುತ್ತಾ ಹೆಚ್ಚುವ ಸ್ವಭಾವವೂ ಇದಕ್ಕಿಲ್ಲ. ಪ್ರಾಣಿಕೋಶಗಳು ಮಾಲಿಬ್ಡೇಟ್ ಒಳತರುವ ದಾರಿಯ ಸುಳಿವು ಸಿಕ್ಕಿದ್ದೂ ಕ್ಲಾಮಿಡೋಮೊನಾಸ್‌ನಿಂದಲೇ: ಆ ಪಾಚಿಯ ಇನ್ನೊಂದು ವಾಹಕದ ಸಂಬಂಧಿಗಳು ಮನುಷ್ಯನೂ ಸೇರಿ ಪ್ರಾಣಿಗಳಲ್ಲಿವೆ. ಫ್ರಾನ್ಸಿನ ಬ್ರೆಸ್ಟ್ ಕೊಲ್ಲಿಯ ಸ್ಕ್ಯಾಲಪ್ ಚಿಪ್ಪುಗಳ ಬೆಳವಣಿಗೆ ಗೆರೆಗಳಲ್ಲಿ, ವಸಂತದ ಪಾಚಿ ಹೊನಲಿನ ನಂತರ ಮಾಲಿಬ್ಡಿನಮ್ ಚೂಪಾಗಿ ಏರುವುದು ದಾಖಲಾಗಿದೆ. ನೀರಿಗಿಂತ ಆಹಾರದ ಮೂಲಕವೇ ಅದು ಬರುತ್ತದೆ ಎಂದು ಇದು ಸೂಚಿಸುತ್ತದೆ.

ಸಭಿಕರ ಪ್ರಶ್ನೆಗಳಿಂದ

“ಹಾಗಾದರೆ ಎಲ್ಲ ಹೊಲಕ್ಕೂ ಸ್ವಲ್ಪ ಸ್ವಲ್ಪ ಹಾಕಿಬಿಡುವುದು ಒಳ್ಳೆಯದಲ್ಲವೇ ಸರ್?” ಎಂದು ಒಬ್ಬರು ಕೇಳಿದರು.

ಖಂಡಿತ ಬೇಡ. ಗಿಡ ಸಹಿಸಿಕೊಳ್ಳುತ್ತದೆ, ಅದೇ ತೊಂದರೆ. ತನ್ನ ಅಗತ್ಯದ ನೂರಾರು ಪಟ್ಟು ಮಾಲಿಬ್ಡಿನಮ್ ತುಂಬಿಕೊಂಡರೂ ಹಸಿರಾಗಿಯೇ ನಿಂತಿರುತ್ತದೆ. ಅದನ್ನು ಮೇಯುವ ದನ ಸಹಿಸುವುದಿಲ್ಲ. ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತ್ಯದ ಕೆಲವು ಕ್ಷಾರೀಯ ಜೇಡಿಮಣ್ಣಿನ ಹುಲ್ಲುಗಾವಲುಗಳಲ್ಲಿ ದನಗಳಿಗೆ ವಿಪರೀತ ಭೇದಿಯಾಗಿ ಬಡಕಲಾಗುತ್ತಿದ್ದವು. ಮೇವಿನಲ್ಲಿರುವ ಮಾಲಿಬ್ಡಿನಮ್ ಕಾರಣ ಎಂದು 1938ರಲ್ಲಿ ಗೊತ್ತಾಯಿತು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಸಲ್ಫೈಡ್ ಇರುತ್ತದೆ. ಕಪ್ಪು ಸಮುದ್ರದ ಆಳದಲ್ಲಿ ನಡೆಯುವ ಕ್ರಿಯೆಯೇ ಅಲ್ಲೂ ನಡೆದು ಥಯೋಮಾಲಿಬ್ಡೇಟ್ ಹುಟ್ಟುತ್ತದೆ, ಅದು ತಾಮ್ರವನ್ನು ಹಿಡಿದು ದನಕ್ಕೆ ಸಿಗದಂತೆ ಮಾಡುತ್ತದೆ. ತಾಮ್ರದ ಸಲ್ಫೇಟ್ ಕೊಟ್ಟಾಗ ಅವು ಚೇತರಿಸಿಕೊಂಡವು. ಹಾಗಾಗಿ ಮೇವಿನ ಬೆಳೆಗೆ, ಅದರಲ್ಲೂ ಸುಣ್ಣ ಹಾಕಿದ ಮಣ್ಣಿಗೆ, ಪರೀಕ್ಷೆಯಿಲ್ಲದೆ ಮಾಲಿಬ್ಡಿನಮ್ ಹಾಕಬಾರದು. ಹುಳಿ ಮಣ್ಣಿನ ದ್ವಿದಳಕ್ಕೆ ನಿಜಕ್ಕೂ ಕೊರತೆಯಿದ್ದರೆ ಹೆಕ್ಟೇರಿಗೆ 50ರಿಂದ 100 ಗ್ರಾಂ ಧಾತುವಿನಷ್ಟು ಸಾಕು, ಅದೂ ಪ್ರತಿವರ್ಷ ಬೇಡ. ಬೀಜೋಪಚಾರಕ್ಕೆ ಸೋಡಿಯಂ ಮಾಲಿಬ್ಡೇಟ್ ಬಳಸುವವರು ಅದನ್ನು ರೈಜೋಬಿಯಂ ಎಂಬ ಬೇರುಗಂಟಿನ ಬ್ಯಾಕ್ಟೀರಿಯಾದ ಜೊತೆ ಕಲಸಿ ಇಡಬೇಡಿ, ಆ ಲವಣ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು.

ಇನ್ನೊಬ್ಬರ ಪ್ರಶ್ನೆ ತುಂಬಾ ಒಳ್ಳೆಯದಿತ್ತು: “ಎಲೆ ಹಳದಿಯಾಗಿದೆ. ಸಾರಜನಕದ ಕೊರತೆಯೋ ಮಾಲಿಬ್ಡಿನಮ್ ಕೊರತೆಯೋ ಎಂದು ತಿಳಿಯುವುದು ಹೇಗೆ?”

ಎರಡೂ ಒಂದೇ ಥರ ಕಾಣುತ್ತವೆ, ಯಾಕೆಂದರೆ ಗಿಡದ ಪಾಲಿಗೆ ಎರಡೂ ಸಾರಜನಕದ ಹಸಿವೇ. ಹೂಕೋಸಿನಲ್ಲಿ ಮಾತ್ರ ಸುಲಭ. ಎಲೆಯ ಅಲಗು ಬೆಳೆಯದೆ ನಡುದಿಂಡು ಮಾತ್ರ ಚಾಟಿಯ ಹಾಗೆ ಉಳಿಯುತ್ತದೆ. ಬೇರೆ ಬೆಳೆಗಳಲ್ಲಿ ಎಲೆಯ ರಸದ ನೈಟ್ರೇಟ್ ಪರೀಕ್ಷಿಸಿ. ಸಾರಜನಕವೇ ಇಲ್ಲದ ಗಿಡದಲ್ಲಿ ನೈಟ್ರೇಟೂ ಇರುವುದಿಲ್ಲ. ಮಾಲಿಬ್ಡಿನಮ್ ಇಲ್ಲದ ಗಿಡದಲ್ಲಿ ಹೀರಿದ ನೈಟ್ರೇಟನ್ನು ಮುಂದಕ್ಕೆ ಸಾಗಿಸುವ ಕಿಣ್ವ ಸುಮ್ಮನೆ ಕೂತಿರುವುದರಿಂದ ಅದು ರಾಶಿ ಬಿದ್ದಿರುತ್ತದೆ. ದ್ವಿದಳ ಗಿಡ ಬೇರುಗಂಟನ್ನೇ ನಂಬಿದ್ದರೆ ಈ ಪರೀಕ್ಷೆ ಕೆಲಸಕ್ಕೆ ಬಾರದು, ಅಲ್ಲಿ ನೈಟ್ರೇಟ್ ಮೊದಲೇ ಕಡಿಮೆ. ಎಲೆಗೆ ಬಳಿದು ನೋಡುವ ಹಳೆಯ ವಿಧಾನವೂ ಇದೆ. ತೀರಾ ತೆಳುವಾದ ಸೋಡಿಯಂ ಮಾಲಿಬ್ಡೇಟ್ ದ್ರಾವಣವನ್ನು ಕೆಲವು ಎಲೆಗಳಿಗೆ ಮಾತ್ರ ಕುಂಚದಿಂದ ಬಳಿದು ದಾರ ಕಟ್ಟಿ ಗುರುತು ಮಾಡಿ, ಪಕ್ಕದ ಎಲೆಗಳಿಗೆ ಬರೀ ನೀರು ಬಳಿಯಿರಿ. ಬಳಿದ ಎಲೆ ಕೆಲವು ದಿನಗಳಲ್ಲಿ ಹಸಿರಾಗಿ, ನೀರು ಬಳಿದದ್ದು ಹಳದಿಯಾಗಿಯೇ ಉಳಿದರೆ ಉತ್ತರ ಸಿಕ್ಕಿತು. ಆಗಲೂ ಮಾಲಿಬ್ಡಿನಮ್ ಕೊಳ್ಳುವ ಮೊದಲು ಮಣ್ಣಿನ ರಸಸಾರ ನೋಡಿ. 5.5ಕ್ಕಿಂತ ಕೆಳಗಿದ್ದರೆ ಮೊದಲು ಸುಣ್ಣ ಹಾಕಿ, ಬೆಳೆ ಹೇಗೆ ಏಳುತ್ತದೆಂದು ನೋಡಿಕೊಂಡು ಮುಂದಿನದನ್ನು ನಿರ್ಧರಿಸಿ.